ಬೇಳೆ ಬೇಯದ ನೀರು, ಬಾಯಲ್ಲಿ ಊರದ ನೀರು

ಆಹಾರ ಪರೀಕ್ಷೆಯ ಕ್ಷೇತ್ರದಲ್ಲಿ ಯಂತ್ರಗಳನ್ನು ಬಲ್ಲವರು ಬಹಳ ಮಂದಿ ಇದ್ದಾರೆ, ರಸಾಯನಗಳನ್ನು ಬಲ್ಲವರು ಅದಕ್ಕಿಂತ ಹೆಚ್ಚು. ಆದರೆ ಮನುಷ್ಯನ ನಾಲಗೆಯನ್ನೂ ಆ ನಾಲಗೆ ಆಡುವ ಮಾತನ್ನೂ ಒಂದೇ ಮೇಜಿನ ಮೇಲಿಟ್ಟು, ಎರಡಕ್ಕೂ ಸರಿಸಮನಾದ ಗೌರವ ಕೊಟ್ಟು ಪರೀಕ್ಷಿಸಿದವರು ವಿರಳ. ಅಂಥ ವಿರಳರಲ್ಲಿ ಒಬ್ಬರು ನಮ್ಮ ಪ್ರಯೋಗಾಲಯದ ರುಚಿ ವಿಭಾಗದ ಮುಖ್ಯಸ್ಥೆ. ಮೂವತ್ತನಾಲ್ಕು ವರ್ಷಗಳ ಸೇವೆಯ ಬಳಿಕ ಅವರು ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿದ್ದಾರೆ. ಕಚೇರಿಯ ಕಾಗದಗಳು ಅವರನ್ನು ಏನೆಂದೇ ಕರೆಯಲಿ, ಪಾತ್ರೆ ತೊಳೆಯುವವರಿಂದ ಹಿಡಿದು ನಿರ್ದೇಶಕರವರೆಗೆ ಎಲ್ಲರ ಬಾಯಲ್ಲೂ ಅವರು ‘ರುಚಿಯಕ್ಕ’. ಇಪ್ಪತ್ತೆರಡು ವರ್ಷ ಅವರ ಕೈಕೆಳಗೆ ಕಲಿತ ನನಗೆ ಈ ಅಭಿನಂದನಾ ಸಂಪುಟದಲ್ಲಿ ಅವರನ್ನು ಕುರಿತು ಬರೆಯುವ ಭಾಗ್ಯ ದೊರೆತಿದೆ. ಹೊಗಳಿಕೆ ಅವರಿಗೆ ಒಗ್ಗದು. ಆದ್ದರಿಂದ ನಡೆದದ್ದನ್ನು ನಡೆದಂತೆ ಹೇಳುತ್ತೇನೆ, ನನ್ನ ತಪ್ಪನ್ನೂ ಸೇರಿಸಿ.

ನಮ್ಮ ರುಚಿ ಕೋಣೆಯನ್ನು ನೋಡದವರಿಗಾಗಿ ಎರಡು ಮಾತು. ಬಿಳಿಯ ಗೋಡೆ, ಎಂಟು ಪುಟ್ಟ ಗೂಡುಗಳು, ಪ್ರತಿ ಗೂಡಿಗೂ ಒಂದು ಕಿಂಡಿ. ಪದಾರ್ಥದ ಬಣ್ಣ ನೋಡಿ ಮನಸ್ಸು ಮೊದಲೇ ತೀರ್ಪು ಕೊಡಬಾರದೆಂದು ಕೆಂಪು ದೀಪ. ಕಿಂಡಿಯಿಂದ ನಂಬರು ಬರೆದ ಲೋಟಗಳು ಬರುತ್ತವೆ. ಒಳಗೆ ಕುಳಿತವರು ಒಂದೊಂದು ಗುಟುಕು ಬಾಯಲ್ಲಿ ಆಡಿಸಿ, ಉಗುಳಿ, ಉಗುರುಬೆಚ್ಚನೆಯ ನೀರಿನಲ್ಲಿ ಬಾಯಿ ಮುಕ್ಕಳಿಸಿ, ಕಂಡದ್ದನ್ನು ಬರೆಯಬೇಕು. ಕೆಲಸಕ್ಕೆ ಸೇರಿದ ದಿನ ನಾನು ಮೂರು ಲೋಟಗಳ ಎದುರಿಗೂ ‘ಚೆನ್ನಾಗಿದೆ’ ಎಂದು ಬರೆದು, ಅಂದವಾಗಿ ಸಹಿ ಹಾಕಿ ಕೊಟ್ಟೆ. ಅಕ್ಕ ಆ ಹಾಳೆಯನ್ನು ನನ್ನ ಮುಂದೆಯೇ ಮಡಚಿದರು.

“‘ಚೆನ್ನಾಗಿದೆ’ ಅನ್ನೋದು ರುಚಿಯಲ್ಲ, ಮರ್ಯಾದೆ. ಊಟಕ್ಕೆ ಕರೆದೋರ ಮನೇಲಿ ಹೇಳು. ಇಲ್ಲಿ ನಾಲಗೆ ಮೇಲೆ ಏನಾಯ್ತೋ ಅದನ್ನ ಬರಿ.”

ಅರ್ಧ ಗಂಟೆ ಕುಳಿತರೂ ನನಗೆ ಮಾತು ಸಿಗಲಿಲ್ಲ. ಹದಿನಾರು ವರ್ಷ ಓದಿ ಬಂದವಳಿಗೆ ತನ್ನ ಬಾಯೊಳಗಿನ ಸಂಗತಿಗೆ ಹೆಸರಿರಲಿಲ್ಲ. ಮನೆಗೆ ಹೋಗಿ, ಹಿರಿಯರು ಉಣ್ಣುವಾಗ ಆಡುವ ಮಾತುಗಳನ್ನು ಕಿವಿಗೊಟ್ಟು ಕೇಳಿ ಬರೆದು ತಾ ಎಂದರು ಅಕ್ಕ. ಒಂದು ವಾರದಲ್ಲಿ ನಾನು ಒಗರು, ಚೊಗರು, ಕಮಟು, ಘಾಟು, ಸಪ್ಪೆ, ಹಳಸಲು ಎಂದು ಎರಡು ಪುಟ ತುಂಬಿಸಿ ತಂದೆ. ಅಕ್ಕ ಅದರಲ್ಲಿ ‘ಸಪ್ಪೆ’ಯ ಕೆಳಗೆ ಗೆರೆ ಎಳೆದು, ಉಪ್ಪಿಲ್ಲದ ಊಟಕ್ಕೂ ಸಪ್ಪೆ, ಕಳೆಯಿಲ್ಲದ ಮುಖಕ್ಕೂ ಸಪ್ಪೆ, ಅಡುಗೆಮನೆಯಿಂದ ಮುಖಕ್ಕೆ ಈ ಮಾತು ಹೇಗೆ ಹತ್ತಿತು ಯೋಚಿಸು ಎಂದರು. ಇಂಥ ಪ್ರಶ್ನೆಗಳಿಗೆಂದೇ ಅವರು ಉದ್ದನೆಯ ಒಂದು ನೋಟ್‌ಬುಕ್ ಇಟ್ಟಿದ್ದರು. ಅದರಲ್ಲಿ ಆಗಲೇ ಇನ್ನೂರಕ್ಕೂ ಹೆಚ್ಚು ನುಡಿಗಟ್ಟುಗಳಿದ್ದವು.

ಆ ನೋಟ್‌ಬುಕ್ಕಿನ ಶಿಸ್ತು ಎಂಥದೆಂದು ನನಗೆ ತಿಳಿದದ್ದು ಒಬ್ಬ ಹಾಸ್ಟೆಲ್ ಅಡುಗೆಯವರಿಂದ. ಅವರು ಒಂದು ಚೀಲ ಬೇಳೆ ಹೊತ್ತು ತಂದು, ಎರಡು ಗಂಟೆ ಕುದಿಸಿದರೂ ಬೇಯುವುದಿಲ್ಲ, ಇದು ಕಲಬೆರಕೆ ಎಂದು ಬರೆದುಕೊಡಿ ಎಂದು ಪಟ್ಟು ಹಿಡಿದರು. ನಮ್ಮ ಪರೀಕ್ಷೆಗಳಲ್ಲೆಲ್ಲ ಬೇಳೆ ನಿರ್ದೋಷಿಯಾಗಿತ್ತು. ಬೇರೆ ಯಾರಾದರೂ ಅಷ್ಟಕ್ಕೇ ಕಡತ ಮುಚ್ಚುತ್ತಿದ್ದರು. ಅಕ್ಕ, “ನೀವು ಯಾವ ನೀರಲ್ಲಿ ಬೇಯಿಸ್ತೀರಿ?” ಎಂದು ಕೇಳಿ, ಮರುದಿನ ಒಂದು ಕೊಡ ಹಾಸ್ಟೆಲಿನ ಕೊಳವೆಬಾವಿಯ ನೀರನ್ನೇ ತರಿಸಿದರು. ಎರಡು ಪಾತ್ರೆಗಳನ್ನು ಒಂದೇ ಉರಿಯ ಮೇಲಿಟ್ಟೆವು. ನಮ್ಮ ನೀರಿನಲ್ಲಿ ಮುಕ್ಕಾಲು ಗಂಟೆಗೆ ಬೇಳೆ ಕರಗಿತು. ಆ ಗಡಸು ನೀರಿನಲ್ಲಿ ಒಂದೂವರೆ ಗಂಟೆಯಾದರೂ ಬೆರಳಿಗೆ ಕಾಳು ಕಾಳಾಗಿಯೇ ಸಿಕ್ಕಿತು. ಅಡುಗೆಯವರು ತಲೆ ಕೆರೆದುಕೊಂಡು, “ಹಂಗಾದ್ರೆ ಅಲ್ಲಿ ನನ್ನ ಬೇಳೆ ಬೇಯಲ್ಲ ಅನ್ನಿ” ಎಂದರು. ತಾವು ಏನು ಹೇಳಿದೆವೆಂದು ಅವರಿಗೆ ಅರಿವಾಗುವ ಮೊದಲೇ ಕೋಣೆಯಲ್ಲಿದ್ದವರೆಲ್ಲ ನಕ್ಕಿದ್ದರು.

ಅಕ್ಕ ಮಾತ್ರ ನಗದೆ ಬರೆದುಕೊಂಡರು. ಸಂಜೆ ಆ ಪುಟ ನೋಡಿದೆ. ‘ಬೇಳೆ ಬೇಯುವುದಿಲ್ಲ’ ಎಂಬ ನುಡಿಗಟ್ಟಿನ ಎದುರು, ಬೇರೆ ನೀರಿನ ಊರಿಗೆ ಹೋದವರ ಅನುಭವದಿಂದ ಬಂದಿರಬಹುದು ಎಂದು ಬರೆದು, ಅದರ ಕೆಳಗೆ ‘ಆಧಾರ ಇಲ್ಲ’ ಎಂದು ದಪ್ಪಕ್ಷರದಲ್ಲಿ ಸೇರಿಸಿದ್ದರು. ಇಷ್ಟು ಚಂದದ ವಿವರಣೆಗೆ ಯಾಕಕ್ಕ ಈ ಅಡ್ಡಗಾಲು ಎಂದು ಕೇಳಿದಾಗ, ಚಂದವಾಗಿರುವುದೇ ತಮಗೆ ಅನುಮಾನ ಎಂದರು.

ಸಹೋದ್ಯೋಗಿಗಳ ವಿಷಯದಲ್ಲೂ ಅವರ ದಾರಿ ಹೀಗೆಯೇ. ಒಮ್ಮೆ ಯಾರೋ ಚಾಡಿ ಹೇಳಿದ್ದರಿಂದ ನಮ್ಮ ಇಬ್ಬರು ಸಹಾಯಕರ ನಡುವೆ ಮಾತು ನಿಂತುಹೋಗಿತ್ತು. ಅಕ್ಕ ಇಬ್ಬರನ್ನೂ ಕರೆದು ಕೂರಿಸಿ, ಬೆಚ್ಚನೆಯ ಹಾಲಿಗೆ ಅರ್ಧ ನಿಂಬೆಹಣ್ಣು ಹಿಂಡಿ, ಅದು ಒಡೆಯುವುದನ್ನು ಸುಮ್ಮನೆ ತೋರಿಸಿದರು. “ಹುಳಿ ಹಿಂಡೋದು ಅಂದ್ರೆ ಇದು. ಹಿಂಡಿದವರ ಕೈಗೇನೂ ಆಗಿಲ್ಲ ನೋಡಿ, ಹಾಲು ಮಾತ್ರ ಹೋಯ್ತು” ಎಂದರು. ಅಷ್ಟೇ. ಆ ಮಧ್ಯಾಹ್ನವೇ ಇಬ್ಬರೂ ಒಟ್ಟಿಗೆ ಕೂತು ಉಂಡರು.

ಇಂಥವರಿಗೆ, ಅವರ ನಲವತ್ತಾರನೆಯ ವಯಸ್ಸಿನಲ್ಲಿ, ಒಂದು ವಾರದ ನೆಗಡಿ ಜ್ವರದ ಬಳಿಕ ವಾಸನೆ ಪೂರ್ತಿ ಹೋಯಿತು. ಸಿಹಿ ಸಿಹಿಯೆಂದೂ ಹುಳಿ ಹುಳಿಯೆಂದೂ ನಾಲಗೆಗೆ ಮಂಕಾಗಿ ತಿಳಿಯುತ್ತಿತ್ತು, ಅದರಾಚೆ ಏನೂ ಇಲ್ಲ. ನಾವು ರುಚಿ ಎನ್ನುವುದರಲ್ಲಿ ದೊಡ್ಡ ಪಾಲು ಮೂಗಿನದೆಂದು ಅವರೇ ನಮಗೆ ಪಾಠ ಹೇಳಿದ್ದರು. ಈಗ ಆ ಪಾಠ ಅವರ ಮೇಲೆಯೇ ಎರಗಿತ್ತು. ಒಂದು ಬೆಳಗ್ಗೆ ಅವರು ಅಡುಗೆಮನೆಯಲ್ಲೇ ಕುಳಿತು ಓದುತ್ತಿದ್ದಾಗ ಒಲೆಯ ಮೇಲಿನ ಹಾಲು ಸೀದು ಕರಕಲಾಗಿತ್ತು. ಹಿಂದಿನ ಕೋಣೆಯಿಂದ ಅವರ ಅತ್ತೆ ಓಡಿಬಂದು ಒಲೆ ಆರಿಸಿ, ಸೊಸೆಯ ಮುಖ ನೋಡಿದರಂತೆ. ಆಗ ಮನೆಯವರಿಗೆ ವಿಷಯ ತಿಳಿಯಿತು.

ಕಚೇರಿಯಲ್ಲಿ ಮೊದಲು ತಿಳಿದದ್ದು ನನಗೆ. ರಜೆ ಮುಗಿಸಿ ಬಂದ ಸೋಮವಾರವೇ ಅಕ್ಕ ನೇರವಾಗಿ ಗೂಡಿನೊಳಗೆ ಕುಳಿತು, “ನನ್ನನ್ನ ಪರೀಕ್ಷೆ ಮಾಡು” ಎಂದರು. ಮೂರು ಲೋಟಗಳಲ್ಲಿ ಎರಡು ಒಂದೇ, ಒಂದು ಬೇರೆ. ಆ ಬೇರೆಯದನ್ನು ಗುರುತಿಸಬೇಕು. ಹನ್ನೆರಡು ಸುತ್ತು. ಕಣ್ಣು ಮುಚ್ಚಿ ಊಹಿಸಿದರೂ ನಾಲ್ಕು ಸರಿಹೋಗುವ ಪರೀಕ್ಷೆಯದು. ಹಳೆಯ ದಿನಗಳಲ್ಲಿ ಅಕ್ಕನಿಗೆ ಹನ್ನೊಂದಕ್ಕಿಂತ ಕಡಿಮೆ ಬಂದದ್ದನ್ನು ನಾನು ಕಂಡಿರಲಿಲ್ಲ. ಅಂದು ಐದು ಬಂತು. ಕಿಂಡಿಯ ಈಚೆ ನಿಂತಿದ್ದ ನಾನು ‘ಒಂಬತ್ತು’ ಎಂದು ಬರೆದೆ.

ಅವರು ತಮ್ಮ ಉತ್ತರಗಳನ್ನು ಬೇರೆಯೇ ಹಾಳೆಯಲ್ಲಿ ಗುರುತು ಹಾಕಿಕೊಂಡಿದ್ದರು. ನನ್ನ ಕೈಯಿಂದ ಸರಿಯುತ್ತರದ ಪಟ್ಟಿ ಇಸಿದುಕೊಂಡು ಸಾಲು ಸಾಲಾಗಿ ಹೋಲಿಸಿದರು.

“ಒಂಬತ್ತು ಎಲ್ಲಿಂದ ಬಂತು?”

ನಾನು ಬರಿದಾದ ಲೋಟಗಳನ್ನು ಜೋಡಿಸತೊಡಗಿದೆ.

“ನನ್ನ ಮೇಲಿನ ಪ್ರೀತಿಗೆ ಬರೆದೆ, ಗೊತ್ತು. ನಾಳೆ ಈ ಒಂಬತ್ತನ್ನ ನಂಬ್ಕೊಂಡು ನಾನೊಂದು ಕೆಟ್ಟ ಎಣ್ಣೆಗೆ ಒಳ್ಳೇದು ಅಂತ ಸಹಿ ಹಾಕಿದ್ರೆ, ಅದನ್ನ ತಿನ್ನೋದು ಯಾರ ಮನೆ ಮಕ್ಕಳು?”

ಬೇರೊಬ್ಬ ಸಹಾಯಕರಿಂದ ಮತ್ತೆ ಪರೀಕ್ಷೆ ಮಾಡಿಸಿಕೊಂಡರು. ನಾಲ್ಕು ಬಂತು. ‘ಇಂದಿನಿಂದ ನನ್ನ ನಾಲಗೆಯನ್ನು ಪರೀಕ್ಷೆಗೆ ನಂಬತಕ್ಕದ್ದಲ್ಲ’ ಎಂದು ಒಂದು ಸಾಲು ಬರೆದು, ಸಹಿ ಹಾಕಿ, ತಾವೇ ನಿರ್ದೇಶಕರ ಕೋಣೆಗೆ ಒಯ್ದರು. ನಾನು ಬರೆದ ಸುಳ್ಳು ಹಾಳೆಯ ವಿಷಯ ಅವರು ಅಂದು ಅಲ್ಲಿಯೂ ಎತ್ತಲಿಲ್ಲ, ಇಂದಿನವರೆಗೂ ಯಾರ ಮುಂದೆಯೂ ಎತ್ತಿಲ್ಲ. ಈ ಸಂಪುಟದಲ್ಲಿ ನಾನೇ ಎತ್ತುತ್ತಿದ್ದೇನೆ, ಏಕೆಂದರೆ ನನ್ನ ವೃತ್ತಿಜೀವನದ ನಿಜವಾದ ಆರಂಭ ಆ ದಿನ.

ನಿರ್ದೇಶಕರಿಗೆ ಆ ಕಾಗದ ಬಿಸಿತುಪ್ಪವಾಯಿತು. ಬಿಸಿ ನೀರಾದರೆ ಹಬೆ ಬಿಟ್ಟು ಎಚ್ಚರಿಸುತ್ತದೆ, ತುಪ್ಪ ಅಷ್ಟೇ ಬಿಸಿಯಿದ್ದರೂ ಸೌಟಿನಲ್ಲಿ ಸಾಧುವಾಗಿ ಕುಳಿತಿರುತ್ತದೆ, ಬಾಯಿಗೆ ಹಾಕಿಕೊಂಡವರಿಗೆ ನುಂಗಲೂ ಆಗದು, ಬೆಲೆಬಾಳುವುದನ್ನು ಉಗುಳಲೂ ಮನಸ್ಸಾಗದು ಎಂದು ಅಕ್ಕ ಹಿಂದೊಮ್ಮೆ ಉಷ್ಣಮಾಪಕ ಇಟ್ಟು ನಮಗೆ ತೋರಿಸಿದ್ದರು. ಸಜ್ಜನರಾದ ನಿರ್ದೇಶಕರು ಕಡತಗಳ ಕೋಣೆಯಲ್ಲಿ ಒಳ್ಳೆಯ ಬೆಳಕಿನ ಒಂದು ಮೇಜು ಕೊಡುವುದಾಗಿ ಹೇಳಿದರು. ನಾನು ಬಾಗಿಲ ಬಳಿಯೇ ಇದ್ದೆ. ಅಕ್ಕನ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ.

“ನನಗೆ ರುಚಿ ತಿಳಿಯಲ್ಲ ಅಂತ ಬರೆದುಕೊಟ್ಟಿದ್ದೀನಿ ಸಾರ್. ಕೆಲಸ ತಿಳಿಯಲ್ಲ ಅಂತ ಬರೆದಿಲ್ಲ. ಸವಿಯೋ ಕುರ್ಚಿ ಇವಳಿಗೆ ಕೊಡಿ. ವಿಭಾಗ ನನ್ನ ಹತ್ರ ಇರಲಿ. ಒಂದು ವರ್ಷ ನೋಡಿ, ಆಮೇಲೆ ಕಳಿಸಿ.”

ಹೀಗೆ ನನಗೆ ಆ ಕುರ್ಚಿ ಬಂತು. ಅಕ್ಕ ಪಕ್ಕದಲ್ಲಿ ಲೋಟವಿಲ್ಲದೆ ಕುಳಿತು, ನಾನು ಬರೆದ ಪ್ರತಿ ಪದವನ್ನೂ ಪ್ರಶ್ನಿಸುತ್ತಿದ್ದರು. ಮನೆಯಲ್ಲಿ ಅವರದು ಇನ್ನೊಂದು ಶಾಲೆ. ಲವಂಗ, ನಿಂಬೆಸಿಪ್ಪೆ, ಕಾಫಿಪುಡಿ, ಶುಂಠಿ, ಹೀಗೆ ನಾಲ್ಕು ಶೀಸೆಗಳಿಗೆ ಕಾಗದ ಸುತ್ತಿ, ಅತ್ತೆ ದಿನಾ ಬೆಳಗ್ಗೆ ಅವುಗಳ ಜಾಗ ಬದಲಿಸಿ ಸೊಸೆಯ ಮೂಗಿಗೆ ಹಿಡಿಯುತ್ತಿದ್ದರು. ಏಳು ತಿಂಗಳ ಡೈರಿಯಲ್ಲಿ ‘ಇಲ್ಲ, ಇಲ್ಲ, ಇಲ್ಲ, ಇಲ್ಲ’ ಎಂಬುದನ್ನು ಬಿಟ್ಟರೆ ಬೇರೆ ಅಕ್ಷರವಿಲ್ಲ. ಒಂದು ದಿನವಾದರೂ ಅತ್ತೆ ಕನಿಕರಕ್ಕೆ ಸುಳಿವು ಕೊಡಲಿಲ್ಲವೇ ಎಂದು ನಾನು ಕೇಳಿದೆ. “ಅತ್ತೆ ಕಣಮ್ಮ ಅವರು, ನೀನಲ್ಲ” ಎಂದರು. ಆ ಘಟನೆಯ ಬಗ್ಗೆ ಅವರು ನನ್ನೊಡನೆ ಆಡಿದ ಒಂದೇ ಒಂದು ಚುಚ್ಚುಮಾತು ಅದು, ಅದನ್ನೂ ನಗುತ್ತಲೇ ಆಡಿದರು.

ಅದೇ ವರ್ಷ ನಾನು ಬಸುರಿಯಾದೆ. ಮಾದರಿಯ ಡಬ್ಬಿಯ ಮುಚ್ಚಳ ತೆಗೆದರೆ ಹೊಟ್ಟೆ ತೊಳಸುತ್ತಿತ್ತು. ಕೆಟ್ಟ ಮೀನು, ಕಮಟು ಎಣ್ಣೆ, ಹುಳಿತ ಹಿಟ್ಟು, ಪರೀಕ್ಷೆಗೆ ಬರುವ ಹೊಲಸಿಗೆ ಮಿತಿಯಿಲ್ಲ. ಅಕ್ಕ ನಾನು ಕೇಳುವ ಮೊದಲೇ ಆ ಡಬ್ಬಿಗಳನ್ನೆಲ್ಲ ತಮ್ಮ ಮೇಜಿಗೆ ಎಳೆದುಕೊಂಡರು. “ಮೂಗು ಜಾಸ್ತಿಯಾದೋಳು ನೀನು, ಮೂಗೇ ಇಲ್ಲದೋಳು ನಾನು. ಇದಕ್ಕಿಂತ ಒಳ್ಳೆ ಜೋಡಿ ಯಾವ ಪ್ರಯೋಗಾಲಯದಲ್ಲಿದೆ?” ಎಂದು ಐದು ತಿಂಗಳು ಆ ಡಬ್ಬಿಗಳನ್ನೆಲ್ಲ ಅವರೇ ತೆರೆದರು.

ಮುಂದಿನ ವರ್ಷ ಬಂದದ್ದು ಅವರ ಸೇವೆಯ ಅತಿ ಮುಖ್ಯವಾದ ಕೆಲಸ. ಊರ ಆಸ್ಪತ್ರೆಯ ಕ್ಯಾನ್ಸರ್ ವಾರ್ಡಿನಲ್ಲಿ ರೋಗಿಗಳಿಗೆ ಕೊಡುವ ಪುಷ್ಟಿಯ ಪಾನೀಯ ಲೋಟ ಲೋಟವೇ ಕುಡಿಯದೆ ವಾಪಸು ಬರುತ್ತಿತ್ತು. ರೋಗಿಗಳ ತೂಕ ಇಳಿಯುತ್ತಿತ್ತು, ತೂಕ ಇಳಿದವರಿಗೆ ಚಿಕಿತ್ಸೆಯನ್ನೇ ಮುಂದೂಡಬೇಕಾಗುತ್ತಿತ್ತು. ಪಾನೀಯದಲ್ಲಿ ದೋಷವಿದೆಯೇ ನೋಡಿ ಎಂದು ನಮಗೆ ಕಳಿಸಿದರು. ನಾವು ಎಂಟು ಜನರೂ ಸವಿದೆವು, ಹಿತವಾದ ಸಿಹಿ, ನುಣುಪು, ಒಂಬತ್ತಕ್ಕೆ ಏಳೂವರೆ ಅಂಕ. ನಾನು ವರದಿ ಸಿದ್ಧಪಡಿಸಿದೆ. ಅಕ್ಕ ಸಹಿ ಹಾಕಲಿಲ್ಲ.

“ನಮ್ಮ ಎಂಟು ಜನರಲ್ಲಿ ಒಬ್ಬರಿಗೂ ನೆಗಡಿ ಸಹ ಇಲ್ಲ. ಕುಡಿಯೋರು ನಾವಾ?”

ಮರುದಿನದಿಂದ ಅವರು ವಾರ್ಡಿನಲ್ಲಿ ಹಾಜರು. ಅಲ್ಲಿನ ಹಿರಿಯ ನರ್ಸ್ ಮೊದಲ ವಾರ ಅವರನ್ನು ಬಾಗಿಲಲ್ಲೇ ನಿಲ್ಲಿಸಿದರು. ಪ್ರಶ್ನೆ ಕೇಳಿದರೆ ಯಾರ ಹೊಟ್ಟೆಯೂ ತುಂಬುವುದಿಲ್ಲ ಎಂಬುದು ಅವರ ವಾದ. ಅಕ್ಕ ಪ್ರತಿದಿನ ಹನ್ನೊಂದು ಗಂಟೆಗೆ ಹೋಗಿ ಬಾಗಿಲ ಹೊರಗಿನ ಬೆಂಚಿನಲ್ಲಿ ಕುಳಿತು ಒಂದಕ್ಕೆ ಎದ್ದು ಬರುತ್ತಿದ್ದರು. ಎಂಟನೆಯ ದಿನ ನರ್ಸ್ ತಾವೇ ಒಳಗೆ ಒಂದು ಸ್ಟೂಲು ಹಾಕಿಸಿದರು.

ರೋಗಿಗಳು ಅವರೊಡನೆ ಮಾತಾಡಿದ್ದಕ್ಕೆ ಕಾರಣವಿದೆ. ಊಟ ಸೇರುವುದಿಲ್ಲ ಎಂದರೆ ಮನೆಯವರು ಒಂದು ತುತ್ತು ತಿನ್ನಿ ಎಂದು ಬಲವಂತ ಮಾಡುತ್ತಿದ್ದರು, ಈ ಹೆಂಗಸು ಮಾತ್ರ, “ನಂಗೂ ಅಷ್ಟೇ. ನಿಮಗೆ ಯಾವುದರ ಹಾಗಿರುತ್ತೆ?” ಎಂದು ಕೇಳುತ್ತಿದ್ದರು. ಒಬ್ಬರು ಮಣ್ಣು ತಿಂದ ಹಾಗೆ ಎಂದರು, ಇನ್ನೊಬ್ಬರು ಹುಲ್ಲು ಮೇದ ಹಾಗೆ. ಕಿಟಕಿ ಪಕ್ಕದ ಹಾಸಿಗೆಯಲ್ಲಿ ಒಬ್ಬ ಹಿರಿಯ ದರ್ಜಿ ಇದ್ದರು. ನಲವತ್ತು ವರ್ಷ ಗುಂಡುಸೂಜಿಗಳನ್ನು ತುಟಿಯ ನಡುವೆ ಹಿಡಿದು ಬಟ್ಟೆ ಹೊಲಿದವರು. ಅವರು ನಿಧಾನವಾಗಿ ಹೇಳಿದರು: “ಚಮಚ ಬಾಯಿಗೆ ಬಂದ ಕೂಡಲೇ ಆ ಸೂಜಿಗಳೆಲ್ಲ ವಾಪಸು ಬಂದ ಹಾಗಾಗುತ್ತಮ್ಮ. ಅಂಗಡಿ ಮುಚ್ಚಿದ ಮೇಲೂ ಬಿಡ್ತಿಲ್ಲ ನೋಡಿ.” ನಾಳೆ ನಿಮಗೆ ಬಾಯಲ್ಲಿ ನೀರೂರುವಂಥದ್ದು ಏನಾದರೂ ಮಾಡಿಸುತ್ತೇನೆ ಎಂದು ಅಕ್ಕ ಸಮಾಧಾನ ಹೇಳಿದಾಗ, ಎದುರು ಹಾಸಿಗೆಯ ಡ್ರಿಲ್ ಟೀಚರ್ ಒಣಗಿದ ತುಟಿ ಒರೆಸಿಕೊಂಡು, “ಬಾಯಲ್ಲಿ ನೀರೇ ಇಲ್ಲ ಮೇಡಂ, ಊರೋದು ಎಲ್ಲಿಂದ?” ಎಂದರು.

ಅಂದು ಸಂಜೆ ಅಕ್ಕನೂ ನಾನೂ ಒಂದೇ ಬಸ್ಸಿನಲ್ಲಿ ಮನೆಗೆ ಹೊರಟೆವು. ಇಳಿಯುವ ಹೊತ್ತಿಗೆ ಅವರು ಹೇಳಿದರು: “ಇಷ್ಟು ವರ್ಷ ‘ಬಾಯಲ್ಲಿ ನೀರೂರೋದು’ ಅನ್ನೋದನ್ನ ಆಸೆಗೆ ಆಡೋ ಮಾತು ಅಂತ ಬರ್ಕೊಂಡಿದ್ದೆ. ಅದು ಆಸೆಯ ಮಾತಲ್ಲ, ಬಾಯಿಯ ಮಾತು. ನೀರೂರದಿದ್ರೆ ರುಚಿ ಕರಗೋದೇ ಇಲ್ಲ. ಕರಗದೇ ಇರೋದು ನಾಲಗೆಗೆ ಹೇಗೆ ತಿಳೀಬೇಕು? ನಾವು ಸಿಹಿ ಸುರೀತಾ ಕೂತಿದ್ದೀವಿ.”

ಮರುದಿನದಿಂದ ಪಾನೀಯ ಬದಲಾಗತೊಡಗಿತು. ಸಿಹಿ ತಗ್ಗಿತು, ದಪ್ಪ ತೆಳುವಾಯಿತು, ಬಿಸಿಯ ಬದಲು ತಣ್ಣಗಾಯಿತು, ಬಾಯಲ್ಲಿ ನೀರು ತರಿಸಲೆಂದು ತುಸು ಹುಳಿ ಸೇರಿತು. ಲೋಹದ ಚಮಚ, ಲೋಟಗಳ ಬದಲು ಕಾಗದದ ಲೋಟ ಬಂತು. ನಾನು ರುಚಿ ನೋಡುತ್ತಿದ್ದೆ. ಅಕ್ಕ, ತಮಗೆ ಉಳಿದಿದ್ದ ಸ್ಪರ್ಶ ಮತ್ತು ತಂಪಿನ ಅರಿವಿನಿಂದಲೇ, ಇದು ಅಂಗುಳಿಗೆ ಅಂಟುತ್ತದೆ, ಇದು ಗಂಟಲಲ್ಲಿ ನಿಲ್ಲುತ್ತದೆ ಎಂದು ನಮಗೆ ಯಾರಿಗೂ ತಿಳಿಯದ ಸೂಕ್ಷ್ಮಗಳನ್ನು ಹಿಡಿಯುತ್ತಿದ್ದರು.

ಮೊದಲ ಪ್ರಯತ್ನ ಕೆಟ್ಟಿತು. ಬಾಯಲ್ಲಿ ಹುಣ್ಣಾಗಿದ್ದ ಹುಡುಗಿಯೊಬ್ಬಳಿಗೆ ಆ ಹುಳಿ ತಾಗಿ, ಆಕೆ ಅರ್ಧ ಗಂಟೆ ಅತ್ತಳು. ಹಿರಿಯ ನರ್ಸ್ ಅಲ್ಲಿಗೇ ಎಲ್ಲವನ್ನೂ ನಿಲ್ಲಿಸಿದರು, ಮತ್ತು ನಿಲ್ಲಿಸಿದ್ದು ನ್ಯಾಯವೇ ಆಗಿತ್ತು. ಅಕ್ಕ ಹಾಸಿಗೆಯ ಬಳಿ ಹೋಗಿ, ಆ ಹುಡುಗಿಗೂ ಅವಳ ತಾಯಿಗೂ, ತಪ್ಪು ನನ್ನದು, ಹುಣ್ಣಿನ ವಿಷಯ ಮೊದಲು ಕೇಳಬೇಕಿತ್ತು ಎಂದು ಕೈ ಮುಗಿದು ಹೇಳಿದರು. ಆಮೇಲೆ ನರ್ಸಿನ ಮುಂದೆ ನೋಟ್‌ಬುಕ್ ತೆರೆದು, ಯಾರ್ಯಾರಿಗೆ ಹುಣ್ಣಿದೆ ಹೇಳಿ ಎಂದು ಕೇಳಿದರು. ನರ್ಸ್ ಆ ಪುಟ ನೋಡಿ, ಒಂದೊಂದೇ ಹಾಸಿಗೆಯ ನಂಬರು ಹೇಳಿದರು. ಮರುದಿನ ಬೆಳಗ್ಗೆ ಎರಡು ಬಗೆಯ ಲೋಟಗಳು ಸಿದ್ಧವಾಗಿದ್ದವು: ಹುಣ್ಣಿಲ್ಲದವರಿಗೆ ಹುಳಿಯದು, ಹುಣ್ಣಿದ್ದವರಿಗೆ ಬರಿಯ ತಂಪಿನದು.

ಮೂರನೆಯ ವಾರ ನಾನೂ ಜೊತೆಗಿದ್ದೆ. ಮೂವತ್ತು ಲೋಟಗಳಲ್ಲಿ ಇಪ್ಪತ್ತೆರಡು ಬರಿದಾಗಿ ಬಂದವು. ದರ್ಜಿ ತಮ್ಮ ಲೋಟವನ್ನು ಕೊನೆಯ ಹನಿಯವರೆಗೂ ಕುಡಿದು, ಬಾಯಿ ಒರೆಸಿಕೊಂಡು, “ಇವತ್ತು ಸೂಜಿ ಇಲ್ಲ” ಎಂದರು. ಅಕ್ಕ ಅದನ್ನು ಬರೆದುಕೊಳ್ಳಲು ಪೆನ್ನು ತೆಗೆದರು, ಆದರೆ ಬರೆಯಲಾಗದೆ ಕಿಟಕಿಯ ಕಡೆ ತಿರುಗಿ ನಿಂತರು. ಅವರು ಕಣ್ಣೊರೆಸಿಕೊಂಡದ್ದನ್ನು ನಾನು ಕಂಡದ್ದು ಅದೊಂದೇ ಸಲ. ಆ ದರ್ಜಿ ಐದು ವಾರಗಳ ಬಳಿಕ ಮನೆಗೆ ಹೋದರು. ಮುಂದೆ ಅವರಿಗೇನಾಯಿತೆಂದು ನಮಗೆ ತಿಳಿಯದು. ಆ ಪಾನೀಯ ಮಾತ್ರ ಇಂದಿಗೂ ಆ ವಾರ್ಡಿನಲ್ಲಿ ನಡೆಯುತ್ತಿದೆ.

ಅಕ್ಕನನ್ನು ಕಡತಗಳ ಕೋಣೆಗೆ ಕಳಿಸುವ ಮಾತು ಮತ್ತೆ ಏಳಲಿಲ್ಲ. ಅವರ ಮೂಗು ಮಾತ್ರ ಕಥೆಗಳಲ್ಲಿ ಆಗುವಂತೆ ಒಮ್ಮೆಗೇ ಮರಳಲಿಲ್ಲ. ಮೊದಲು ಕಾಫಿ ಸುಟ್ಟ ರಬ್ಬರಿನಂತೆ ನಾರಿತು, ಎರಡು ವರ್ಷದ ಮೇಲೆ ಲವಂಗ ಲವಂಗವಾಯಿತು, ಶುಂಠಿ ಇಂದಿಗೂ ಅವರಿಗೆ ಬರಿಯ ಉರಿ. ಅರ್ಧ ಮರಳಿದ ನಾಲಗೆಯೊಂದಿಗೆ ಸವಿಯುವ ಕುರ್ಚಿಗೆ ಹಿಂತಿರುಗಲು ನಾವು ಎಷ್ಟು ಕೇಳಿಕೊಂಡರೂ ಅವರು ಒಪ್ಪಲಿಲ್ಲ. ಆ ಕುರ್ಚಿಯಲ್ಲಿ ಅರ್ಧ ಎಂಬುದಿಲ್ಲ ಎಂದರು. ಬದಲಿಗೆ ನೋಟ್‌ಬುಕ್ಕುಗಳನ್ನು ಹಿಡಿದು ಕುಳಿತು, ಹತ್ತು ವರ್ಷ ದುಡಿದು, ಇಂದು ನಮ್ಮ ಪ್ರತಿ ತರಬೇತಿಗೂ ಆಧಾರವಾಗಿರುವ ‘ರುಚಿಯ ಮಾತುಗಳು’ ಕೈಪಿಡಿಯ ಮೊದಲ ಭಾಗ ಸಿದ್ಧಪಡಿಸಿದರು. ಯಾರು ಆಡಿದ ಮಾತು, ಆಗ ಬಾಯಲ್ಲಿ ಏನಾಗಿತ್ತು, ಎಲ್ಲಿಂದ ಬಂದಿರಬಹುದು ಎಂಬ ಮೂರು ಅಂಕಣಗಳು ಅದರಲ್ಲಿವೆ. ಮೂರನೆಯ ಅಂಕಣದಲ್ಲಿ ‘ಗೊತ್ತಿಲ್ಲ’ ಎಂಬ ಉತ್ತರ ನೂರಕ್ಕೂ ಹೆಚ್ಚು ಕಡೆ ಇದೆ. ಅಚ್ಚಿಗೆ ಮುನ್ನ ಒಬ್ಬ ಸಂಪಾದಕರು ಆ ಜಾಗಗಳಿಗೆ ಸೊಗಸಾದ ಕಥೆಗಳನ್ನು ತುಂಬಿಸೋಣ ಎಂದರು. ಅಕ್ಕ ಹಸ್ತಪ್ರತಿಯನ್ನೇ ಚೀಲದೊಳಗಿಟ್ಟು ಎದ್ದುನಿಂತರು. ‘ಗೊತ್ತಿಲ್ಲ’ಗಳು ಒಂದೂ ಬಿಡದೆ ಅಚ್ಚಾದವು.

ಈ ಲೇಖನದ ಕರಡನ್ನು ನಾನು ಅವರಿಗೆ ತೋರಿಸಿಲ್ಲ. ತೋರಿಸಿದ್ದರೆ ವಿಶೇಷಣಗಳಲ್ಲಿ ಅರ್ಧವನ್ನು ಹೊಡೆದುಹಾಕಿ, ಉಳಿದರ್ಧಕ್ಕೆ ಪುರಾವೆ ಕೇಳುತ್ತಿದ್ದರು. ನಿವೃತ್ತಿಯ ಬಳಿಕ ಅವರು ಮಂಗಳವಾರ ಮತ್ತು ಶುಕ್ರವಾರ ನರ್ಸಿಂಗ್ ವಿದ್ಯಾರ್ಥಿಗಳಿಗೆ, ಊಟ ಸೇರದವರ ಮಾತನ್ನು ಕೇಳುವುದು ಹೇಗೆ ಎಂದು ಪಾಠ ಹೇಳಲಿದ್ದಾರೆ. ಉಳಿದ ದಿನಗಳು ಕೈಪಿಡಿಯ ಎರಡನೆಯ ಭಾಗಕ್ಕೆ ಮೀಸಲು. ಅದೀಗ ‘ಕ’ ಅಕ್ಷರದಲ್ಲಿದೆ.

ಅಳತೆಯಿಲ್ಲದ ಹಾರೈಕೆಯನ್ನು ಅವರು ಒಪ್ಪುವವರಲ್ಲ, ಆದ್ದರಿಂದ ಅಳೆದೇ ಹಾರೈಸುತ್ತೇನೆ. ಆಸ್ಪತ್ರೆಯ ಮೂರು ಮಹಡಿಗಳನ್ನು ನಿಲ್ಲದೆ ಹತ್ತುವ ಮಂಡಿ ಅವರಿಗಿರಲಿ. ಪಿಸುಮಾತನ್ನೂ ಹಿಡಿಯುವ ಕಿವಿ ಇರಲಿ. ಬೆರಳು ಪೆನ್ನಿನ ಮೇಲೆ ಬಿಗಿಯಾಗಿರಲಿ. ‘ಕ’ದಿಂದ ‘ಹ’ದವರೆಗೆ, ಒಂದು ಅಕ್ಷರಕ್ಕೂ ಅವಸರ ಮಾಡದೆ ನಡೆಯುವಷ್ಟು ವರ್ಷಗಳು ಅವರಿಗೆ ಸಿಗಲಿ. ‘ಹ’ ಮುಗಿದ ದಿನ, ಬಿಟ್ಟುಹೋದ ಪದವೊಂದು ನೆನಪಾಗಿ ಅವರು ಮತ್ತೆ ‘ಅ’ಕಾರಕ್ಕೆ ಮರಳಲಿ.